ಎರಡು ಸಬ್‌ವೂಫರ್ ಸೇರಿಸೋ ಮುಂಚೆ
ಕಡಿಮೆ ದುಡ್ಡಲ್ಲಿ 12 ಇಂಚಿನ ಒಂದು ಸಬ್‌ವೂಫರ್ (ಬರೀ ಬೇಸ್, ಅಂದರೆ ತಗ್ಗಿನ ದಪ್ಪ ಸದ್ದು ಕೊಡೋ ಸ್ಪೀಕರ್) ತಗೊಳ್ಳೋದಾ, 8 ಇಂಚಿನ ಎರಡಾ ಅಂತ ಕೇಳಿದರೆ ನನ್ನ ಓಟು ಎರಡಕ್ಕೇ. ಬೇಸ್ ರೂಮಿನ ತುಂಬ ಸಮವಾಗಿ ಹರಡುತ್ತದೆ. ಆದರೆ ಎರಡೂ ಒಂದೇ ಮಾಡೆಲ್ ಇರಲಿ. ನಾನು ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು ಅಂತ ತಂದು ಹಳೇದರ ಜೊತೆ ಸೇರಿಸಿದೆ, ಒಂದಕ್ಕೆ ಪೋರ್ಟ್ (ಗಾಳಿ ಆಡೋ ತೂತು) ಇದೆ, ಇನ್ನೊಂದು ಪೂರ್ತಿ ಮುಚ್ಚಿದ ಡಬ್ಬ, ಒಟ್ಟಿಗೆ ಹಾಕಿದರೆ ಬೇಸ್ ಜಾಸ್ತಿ ಆಗೋ ಬದಲು ಕಡಿಮೆಯೇ ಆಯಿತು! ಒಂದರ ಶಬ್ದವನ್ನು ಇನ್ನೊಂದು ತಿಂದುಹಾಕುತ್ತಿತ್ತು. ಒಂದರ ಹಿಂದಿರೋ ಫೇಸ್ ಸ್ವಿಚ್ಚನ್ನು (ಸದ್ದಿನ ಅಲೆಯನ್ನು ತಲೆಕೆಳಗು ಮಾಡೋದು) 0 ಇಂದ 180 ಡಿಗ್ರಿಗೆ ತಿರುಗಿಸಿ ನೋಡಿ, ಕೂತ ಜಾಗಕ್ಕೆ ಯಾವುದು ಜೋರಾಗಿ ಕೇಳುತ್ತದೋ ಅದೇ ಸರಿ.

ಜಾಗ ಹುಡುಕೋಕೆ ಸಬ್ಬನ್ನು ನೀವು ಕೂರೋ ಸೋಫಾ ಮೇಲಿಟ್ಟು, ಡೊಳ್ಳಿನ ಹಾಡು ಹಾಕಿ, ಗೋಡೆ ಪಕ್ಕ ಅಂಬೆಗಾಲಲ್ಲಿ ಹೋಗಿ. ಮನೆಯವರು ನಗುತ್ತಾರೆ, ನಗಲಿ ಬಿಡಿ. ಗುಂಯ್ ಅನ್ನದೆ ಹದವಾಗಿ ಕೇಳೋ ಕಡೆ ಇಡಿ. ಮೂಲೆಗೆ ತಳ್ಳಿದರೆ ಸದ್ದೇನೋ ಜಾಸ್ತಿ, ಆದರೆ ಬರೀ ಗುಡುಗು. ಕ್ರಾಸ್‌ಓವರ್ (ಎಲ್ಲಿಂದ ಕೆಳಗಿನ ಸದ್ದು ಸಬ್ಬಿಗೆ ಹೋಗಬೇಕು ಅನ್ನೋ ಗಡಿ) 80 ಹರ್ಟ್ಸ್‌ನಿಂದ ಶುರು ಮಾಡಿ, ಉಳಿದ ಸ್ಪೀಕರ್ ತೀರಾ ಚಿಕ್ಕದಾದರೆ ಸ್ವಲ್ಪ ಮೇಲೆ.

ನಮ್ಮದು ಹಂಚಿನ ಮನೆ. ಶೋಕೇಸ್ ಗಾಜು ಗಡಗಡ ಅಂತಿತ್ತು, ಮಡಚಿದ ರಟ್ಟು ಸಿಕ್ಕಿಸಿದ ಮೇಲೆ ನಿಂತಿದೆ.