ರಾಜ್ಯದ ಗಡಿ ದಾಟುವ ದತ್ತು: ಐಸಿಪಿಸಿ ಫೈಲನ್ನು ನಾನು ಕಟ್ಟುವ ಬಗೆ

ಅಮೆರಿಕದ ಒಂದು ರಾಜ್ಯದಲ್ಲಿ ಹುಟ್ಟಿದ ಕೂಸನ್ನು ಇನ್ನೊಂದು ರಾಜ್ಯದ ದಂಪತಿ ದತ್ತು ತೆಗೆದುಕೊಳ್ಳುವಾಗ, ಎರಡೂ ಕಡೆಯ ಐಸಿಪಿಸಿ (ಮಕ್ಕಳನ್ನು ಬೇರೆ ರಾಜ್ಯದವರಿಗೆ ಒಪ್ಪಿಸುವ ಬಗೆಗಿನ ಅಂತರರಾಜ್ಯ ಒಪ್ಪಂದ) ಕಚೇರಿಗಳು ಒಪ್ಪುವ ತನಕ ಕೂಸು ಗಡಿ ದಾಟುವಂತಿಲ್ಲ. ಆಸ್ಪತ್ರೆ ಗಡಿಯಂಚಿನಲ್ಲಿದ್ದರೆ, ರಸ್ತೆಯಾಚೆಯ ರಾಜ್ಯದ ಹೋಟೆಲಿಗೂ ಒಯ್ಯುವಂತಿಲ್ಲ. 50 ರಾಜ್ಯಗಳೂ ಈ ಒಪ್ಪಂದದಲ್ಲಿವೆ. ಹೆತ್ತವರೇ ಮಗುವನ್ನು ಅದರ ಅಜ್ಜ-ಅಜ್ಜಿ, ಚಿಕ್ಕಪ್ಪ, ಅತ್ತೆಯಂಥ ಹತ್ತಿರದ ನೆಂಟರಿಗೆ ಒಪ್ಪಿಸಿದರೆ ವಿನಾಯಿತಿ ಉಂಟು.

ಫೈಲು ಪೂರ್ತಿ ಇದ್ದರೆ ಒಪ್ಪಿಗೆಗೆ ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಅದಕ್ಕಿಂತ ಎಳೆದಾಡಿದ್ದರ ಹಿಂದೆ ಹೆಚ್ಚಾಗಿ ಒಂದು ಕಾಗದದ ಕೊರತೆ ಇರುತ್ತದೆ.

ಹಾಗಾಗಿ ಮುಕ್ಕಾಲು ಫೈಲನ್ನು ಹೆರಿಗೆಗೆ ಮೊದಲೇ ಮುಗಿಸುತ್ತೇನೆ. ಹೋಮ್ ಸ್ಟಡಿ (ದತ್ತು ಪಡೆಯುವವರ ಮನೆ, ಬದುಕನ್ನು ಪರಿಶೀಲಿಸಿದ ವರದಿ), ಎಫ್‌ಬಿಐ ಬೆರಳಚ್ಚು ವರದಿ, ಹೆತ್ತವರ ಆರೋಗ್ಯದ ಹಿನ್ನೆಲೆ, ದತ್ತಿನ ಖರ್ಚಿನ ಪ್ರಮಾಣಪತ್ರ. ಮಕ್ಕಳ ಮೇಲಿನ ದೌರ್ಜನ್ಯದ ದಾಖಲೆ ತಪಾಸಣೆ ಎಲ್ಲಕ್ಕಿಂತ ನಿಧಾನ, ಏಕೆಂದರೆ ದತ್ತು ಪಡೆಯುವವರು ಹಿಂದಿನ 5 ವರ್ಷಗಳಲ್ಲಿ ವಾಸವಿದ್ದ ಪ್ರತಿ ರಾಜ್ಯದಿಂದಲೂ ಅದನ್ನು ತರಿಸಬೇಕು. ಕೆಲಸದ ಮೇಲೆ ಮೂರು ರಾಜ್ಯ ಸುತ್ತಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮನೆಯಲ್ಲಿರುವ ಇತರ ವಯಸ್ಕರೂ ಲೆಕ್ಕಕ್ಕೆ ಬರುತ್ತಾರೆ. ಊರಿಂದ ಆರು ತಿಂಗಳಿಗೆಂದು ಬಂದ ಅತ್ತೆಯನ್ನು ಸೇರಿಸಬೇಕೇ ಎಂದು ಹೋಮ್ ಸ್ಟಡಿ ಮಾಡುವವರನ್ನು ಮೊದಲೇ ಕೇಳಿಬಿಡಿ.

ಆಮೇಲಿನದು ಹೆತ್ತವರು ಮಗುವನ್ನು ದತ್ತು ಕೊಡಲು ಒಪ್ಪುವ ಸಮ್ಮತಿ ಪತ್ರ. ಯಾವ ರಾಜ್ಯದ ಕಾನೂನಿನಂತೆ ಸಹಿಯಾಗಬೇಕು ಎಂಬುದನ್ನು ಎರಡೂ ರಾಜ್ಯಗಳ ವಕೀಲರು ಕೂತು ಮುಂಚೆಯೇ ತೀರ್ಮಾನಿಸಬೇಕು. ಟೆಕ್ಸಾಸ್‌ನಲ್ಲಿ ಹೆರಿಗೆಯಾಗಿ 48 ಗಂಟೆ ಕಳೆಯದೆ ತಾಯಿ ಸಹಿ ಹಾಕುವಂತಿಲ್ಲ. ಅವಸರದಲ್ಲಿ ಹಾಕಿಸಿದ ಸಹಿ ಮುಂದೆ ಇಡೀ ದತ್ತನ್ನೇ ಅಲುಗಾಡಿಸುತ್ತದೆ. ತಾಯಿಗೆ ಬೇರೆಯೇ ವಕೀಲರಿರಲಿ, ಇದರಲ್ಲಿ ಜಿಪುಣತನ ಬೇಡ. ತಂದೆ ಯಾರೆಂದು ಖಚಿತವಿಲ್ಲದಿದ್ದರೆ ತಂದೆಯರ ನೋಂದಣಿ ಪುಸ್ತಕ (ತಾನು ತಂದೆಯಿರಬಹುದು ಎನ್ನುವವರು ಹೆಸರು ಬರೆಸುವ ರಾಜ್ಯದ ದಾಖಲೆ) ಹುಡುಕಿಸಿದ ಪ್ರಮಾಣಪತ್ರ ಬೇಕು. ಮಗು ಹುಟ್ಟಿದ ರಾಜ್ಯದ್ದೊಂದೇ ಅಲ್ಲ, ಗರ್ಭ ನಿಂತ ರಾಜ್ಯ ಬೇರೆಯಾದರೆ ಅಲ್ಲಿನದನ್ನೂ ತರಿಸುತ್ತೇನೆ. ಮೂಲನಿವಾಸಿ ಬುಡಕಟ್ಟಿನ ಸಂಬಂಧವಿದೆಯೇ ಎಂಬ ಪ್ರಶ್ನೆಗೆ ಉತ್ತರ ‘ಇಲ್ಲ’ ಆದರೂ ಅದು ಬರಹದಲ್ಲಿರಬೇಕು. 1978ರ ಇಂಡಿಯನ್ ಚೈಲ್ಡ್ ವೆಲ್ಫೇರ್ ಕಾಯ್ದೆ ಆ ಬುಡಕಟ್ಟುಗಳ ಮಕ್ಕಳಿಗೆ ಬೇರೆಯೇ ದಾರಿ ಹಾಕಿದೆ.

ಕೊನೆಗೆ ಉಳಿಯುವುದು ಆಸ್ಪತ್ರೆಯ ಡಿಸ್ಚಾರ್ಜ್ ದಾಖಲೆ ಮತ್ತು 100ಎ ನಮೂನೆ, ಅಂದರೆ ಒಪ್ಪಿಗೆ ಕೋರುವ ಅರ್ಜಿ. 100ಎ ಚಿಕ್ಕ ನಮೂನೆಯೇ, ಆದರೆ ಫೈಲು ವಾಪಸಾಗುವುದು ಅದರಿಂದಲೇ. ಹೋಮ್ ಸ್ಟಡಿಯಲ್ಲಿ ‘ಅಪಾರ್ಟ್‌ಮೆಂಟ್ 4ಬಿ’ ಎಂದಿದ್ದು ಇಲ್ಲಿ 4ಬಿ ಬಿಟ್ಟುಹೋದರೆ ಪ್ರಶ್ನೆ ಏಳುತ್ತದೆ. ಹೋಮ್ ಸ್ಟಡಿ, ಪಾಸ್‌ಪೋರ್ಟು, 100ಎ ಮೂರನ್ನೂ ಮೇಜಿನ ಮೇಲೆ ಹರಡಿ, ಹೆಸರಿನ ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ತಾಳೆ ನೋಡುತ್ತೇನೆ. ನಮ್ಮವರ ಇನಿಷಿಯಲ್ ಒಂದೊಂದು ಕಡೆ ಒಂದೊಂದು ತರ ಇರುವುದು ಹೊಸತೇನಲ್ಲ.

ಫೈಲು ಮೊದಲು ಮಗುವನ್ನು ಕಳುಹಿಸುವ ರಾಜ್ಯಕ್ಕೆ, ಅಲ್ಲಿಂದ ಸ್ವೀಕರಿಸುವ ರಾಜ್ಯಕ್ಕೆ ಹೋಗುತ್ತದೆ. ಒಂದು ಕಡೆ ಸಹಿಯಾಯಿತೆಂದು ವಿಮಾನದ ಟಿಕೆಟ್ ಮಾಡಬೇಡಿ. ಮಗು ಮನೆ ಸೇರಿದ ಮೇಲೆ ಅದನ್ನು ತಿಳಿಸುವ 100ಬಿ ನಮೂನೆ ಹೋಗಬೇಕು, ಕೋರ್ಟ್ ಅಂತಿಮ ಆದೇಶ ಬಂದಾಗ ಇನ್ನೊಂದು 100ಬಿ. ಎರಡನೆಯದನ್ನು ಮರೆತವರ ಪ್ರಕರಣ ಆ ಕಚೇರಿಯ ಪುಸ್ತಕದಲ್ಲಿ ತೆರೆದೇ ಇರುತ್ತದೆ.