ಕಂಟೇನರ್ ಮನೆ: ಗಾಳಿಗೂ ನೆರೆಗೂ ಕದಲದಂತೆ ಕೂರಿಸುವ ಬಗೆ

ಹಡಗಿನ ಕಂಟೇನರ್ ಉಕ್ಕಿನದು, ಅದಕ್ಕೇನಾಗುತ್ತದೆ ಎಂದು ನಾಲ್ಕು ಬ್ಲಾಕ್‌ಗಳ ಮೇಲೆ ಸುಮ್ಮನೆ ಇಟ್ಟುಬಿಡುವವರಿದ್ದಾರೆ. ಪೆಟ್ಟಿಗೆ ಮುರಿಯುವುದಿಲ್ಲ ನಿಜ, ಆದರೆ ಇಡಿಯಾಗಿ ಮಗುಚುತ್ತದೆ. 20 ಅಡಿಯ ಖಾಲಿ ಕಂಟೇನರ್ ಸುಮಾರು 2.3 ಟನ್ ತೂಗುತ್ತದೆ. ಒಡಿಶಾ ಕರಾವಳಿಗೆ ಕಟ್ಟಡಗಳ ಮೇಲೆ ಬೀಳುವ ಭಾರಗಳ ಭಾರತೀಯ ಮಾನಕ ಐಎಸ್ 875 ಹೇಳುವ ಗಾಳಿಯ ವೇಗ ಸೆಕೆಂಡಿಗೆ 50 ಮೀಟರ್. ಆ ಗಾಳಿ ಅದರ ಉದ್ದನೆಯ ಗೋಡೆಯ ಮೇಲೆ ಏನಿಲ್ಲವೆಂದರೂ 2.4 ಟನ್ ಭಾರ ಹೇರುತ್ತದೆ. ಮಂಗಳೂರಿಗೆ ಈ ವೇಗ 39. ಅಲ್ಲೂ ಸೂರನ್ನು ಮೇಲಕ್ಕೆಳೆಯುವ ಗಾಳಿ ಜೊತೆಗೂಡಿದರೆ ಖಾಲಿ ಪೆಟ್ಟಿಗೆ ನಂಬುವಂಥದ್ದಲ್ಲ.

ಹಾಗಾಗಿ ಮೊದಲು ಪಾಯ. ಕಂಟೇನರ್‌ನ ಭಾರವೆಲ್ಲ ಇಳಿಯುವುದು ನಾಲ್ಕು ಮೂಲೆಗಳಿಗೆ. ಪ್ರತಿ ಮೂಲೆಯಡಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ ಕಾಂಕ್ರೀಟ್ ತುಂಬಿ. ಅಂಥ ಒಂದೊಂದು ಗಟ್ಟಿಯೂ 2.4 ಟನ್ ತೂಗುತ್ತದೆ. ಹಸಿಯಿರುವಾಗಲೇ 20 ಮಿ.ಮೀ. ದಪ್ಪದ, ತುದಿ ಕೊಕ್ಕೆಯಂತೆ ಬಾಗಿದ ನಾಲ್ಕು ಜೆ-ಬೋಲ್ಟ್‌ಗಳನ್ನು 45 ಸೆಂ.ಮೀ. ಒಳಗಿಳಿಸಿ. ಮೇಲೆ ಕೂರುವ 12 ಮಿ.ಮೀ. ದಪ್ಪದ ಉಕ್ಕಿನ ಬೇಸ್ ಪ್ಲೇಟನ್ನೇ ಅಚ್ಚಾಗಿ ಹಿಡಿದರೆ ತೂತು ತಪ್ಪುವುದಿಲ್ಲ. ನಾಲ್ಕೂ ಪ್ಲೇಟ್ ಒಂದೇ ಮಟ್ಟದಲ್ಲಿವೆಯೇ ಎಂದು ನೀರು ತುಂಬಿದ ಕೊಳವೆಯ ಟ್ಯೂಬ್ ಲೆವೆಲ್‌ನಲ್ಲಿ ನೋಡಿ. ಒಂದು ಮೂಲೆ ತಗ್ಗಿದರೂ ಚೌಕಟ್ಟು ತಿರುಚಿಕೊಂಡು ಬಾಗಿಲು ಕಚ್ಚಿಕೊಳ್ಳುತ್ತದೆ. ಕಾಂಕ್ರೀಟ್ ಚೆನ್ನಾಗಿ ಗಟ್ಟಿಯಾದ ಮೇಲೆ ಕಂಟೇನರ್ ಇಳಿಸಿ, ಅದರ ಮೂಲೆಗಳಲ್ಲಿರುವ ಎರಕದ ಉಕ್ಕಿನ ಗಟ್ಟಿಗಳನ್ನು ಪ್ಲೇಟಿಗೆ ಸುತ್ತಲೂ ವೆಲ್ಡ್ ಮಾಡಿಸಿ. ಸುಟ್ಟ ಬಣ್ಣವನ್ನು ಕೆರೆದು ಅದೇ ದಿನ ಜಿಂಕ್ ಪ್ರೈಮರ್ ಬಳಿಯಿರಿ. ಕಡಲ ಪಕ್ಕದಲ್ಲಿ ತುಕ್ಕು ಶುರುವಾಗುವುದೇ ಆ ವೆಲ್ಡಿಂಗ್‌ನಲ್ಲಿ.

ನೆರೆಯ ಲೆಕ್ಕವೇ ಬೇರೆ. ಬಾಗಿಲು ಭದ್ರವಾಗಿದ್ದರೆ ಖಾಲಿ ಕಂಟೇನರ್ ತನ್ನ ತಳದಿಂದ ಬರೀ 16 ಸೆಂ.ಮೀ. ನೀರೇರಿದಾಗಲೇ ತೇಲತೊಡಗುತ್ತದೆ. ಮೇಲೆ ಹೇಳಿದ ಪಾಯ ಕಟ್ಟಿಹಾಕಿದರೂ, ನೀರಲ್ಲಿ ಕಾಂಕ್ರೀಟೂ ಹಗುರವಾಗುವುದರಿಂದ ಅದರ ಹಿಡಿತ ಸುಮಾರು ಅರ್ಧ ಮೀಟರ್ ನೀರಿನವರೆಗೆ ಮಾತ್ರ. ಊರಿನ ಹಳೆಯ ನೆರೆ ಗುರುತಿಗಿಂತ ಎತ್ತರಕ್ಕೆ ಕಂಬ ಎಬ್ಬಿಸುವುದೇ ಸರಿ. ಕಂಬಕ್ಕೆ ಕಬ್ಬಿಣ ಎಷ್ಟು ಬೇಕೆಂದು ಎಂಜಿನಿಯರ್ ಹೇಳಲಿ. ಅದಾಗದಿದ್ದರೆ ಎದುರುಬದುರು ಗೋಡೆಗಳಲ್ಲಿ, ನೆಲಮಟ್ಟದಲ್ಲಿ, 30×20 ಸೆಂ.ಮೀ.ನ ಒಂದೊಂದು ಕಿಂಡಿ ಬಿಟ್ಟು, ಎರಡೂ ಕಡೆಗೆ ತೆರೆಯುವ ಮುಚ್ಚಳ ಹಾಕಿ. ನೀರು ಒಳಗೆ ಬಂದರೆ ಮನೆ ಒದ್ದೆಯಾಗುತ್ತದೆ, ಆದರೆ ನಿಂತಲ್ಲೇ ಉಳಿಯುತ್ತದೆ. ಸ್ವಿಚ್ ಬೋರ್ಡುಗಳನ್ನು 1.2 ಮೀಟರ್ ಮೇಲೆಯೇ ಕೂರಿಸಿ.

ಗೋಡೆಯ ಏರಿಳಿತದ ತಗಡು ಬರೀ ಮರೆಯಲ್ಲ, ಗಾಳಿ, ಭೂಕಂಪಗಳ ಅಡ್ಡ ಎಳೆತವನ್ನು ತಡೆಯುವುದೂ ಅದೇ. ದೊಡ್ಡ ಕಿಟಕಿ ಬೇಕಿದ್ದರೆ, ಗೋಡೆಯ ಅಂಚಿನ ಉಕ್ಕಿನ ತೊಲೆಗಳಾದ ರೈಲ್‌ಗಳ ನಡುವೆ, ಕೆಳಗಿನ ರೈಲ್‌ನಿಂದ ಮೇಲಿನ ರೈಲ್‌ವರೆಗೆ ಬಾಕ್ಸ್ ಪೈಪ್ ಚೌಕಟ್ಟನ್ನು ಮೊದಲು ವೆಲ್ಡ್ ಮಾಡಿ, ಆಮೇಲೆ ತಗಡು ಕತ್ತರಿಸಿ. ಮೊದಲೇ ಕತ್ತರಿಸಿದರೆ ಮೇಲಿನ ರೈಲ್ ಜಗ್ಗುತ್ತದೆ.

ಗುಡ್ಡದ ಇಳಿಜಾರಿನಲ್ಲಿ ಕಂಟೇನರ್ ಬೆನ್ನಿಗೆ ಮಣ್ಣು ಏರಿಸಲೇಬೇಡಿ. ಸುಮಾರು ಎರಡು ಮಿ.ಮೀ. ದಪ್ಪದ ಆ ತಗಡು ಮಳೆ ನೆನೆದ ಮಣ್ಣಿನ ಒತ್ತಡಕ್ಕೆ ಒಳಕ್ಕೆ ಬಾಗುತ್ತದೆ. ತಡೆಗೋಡೆ ಬೇರೆಯಾಗಿಯೇ ಕಟ್ಟಿ, ನಡುವೆ ಚರಂಡಿ ಬಿಡಿ.