ರೇಡಿಯೋ ಕೇಳಬೇಡಿ, ವಾಲ್ವ್ ಡಬ್ಬಿ ಕೇಳಿ: ನನ್ನ ಮರ್ಫಿ ಮತ್ತೆ ಹಾಡಿದ್ದು

ವಾಲ್ವ್ ರೇಡಿಯೋ ಹುಚ್ಚಿನ ಗೆಳೆಯರಿಗೆ ನನ್ನ ಯೋಜನೆ ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಮೊದಲು ವಾಲ್ವ್, ಅಂದರೆ ಹಳೇ ರೇಡಿಯೋದೊಳಗಿನ ಗಾಜಿನ ಬುರುಡೆ, ಕೂಡಿಸಿಕೊಳ್ಳಬೇಕು, ಆಮೇಲೆ ಸೆಟ್ಟು ಹುಡುಕಬೇಕು ಅಂತ ನನ್ನ ವಾದ. ವಾಲ್ವ್ ಇರುವುದು ಆನ್‌ಲೈನಿನಲ್ಲಲ್ಲ, ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿರುವ ರೇಡಿಯೋ ರಿಪೇರಿಯವರ ಅಟ್ಟದಲ್ಲಿ. "ಅವೆಲ್ಲ ಗುಜರಿಗೆ ಹೋಗಿ ಇಪ್ಪತ್ತು ವರ್ಷ ಆಯ್ತು ಮಾರಾಯ, ಪೆಟ್ರೋಲ್ ದಂಡ" ಎಂದರು. ಈಗ ನಮ್ಮ ಹಾಲಿನಲ್ಲಿ ಮ್ಯಾಜಿಕ್ ಐ (ಸ್ಟೇಷನ್ ಸರಿಯಾಗಿ ಸಿಕ್ಕಿದ್ದನ್ನು ಹಸಿರು ಬೆಳಕಲ್ಲಿ ತೋರಿಸುವ ವಾಲ್ವ್) ಇರುವ ಆರು ವಾಲ್ವಿನ ಮರ್ಫಿ ರೇಡಿಯೋ ಹಾಡುತ್ತಿದೆ. ಹಾಗೆ ಹೇಳಿದವರಲ್ಲೇ ಇಬ್ಬರು ಈಗ ನನ್ನ ಹತ್ತಿರ ವಾಲ್ವ್ ಕೇಳುತ್ತಿದ್ದಾರೆ!

ಡಿಎ ಬಾಕಿ ಒಟ್ಟಿಗೆ ಬಂದಿತ್ತು. ಮನೆಗೆ ಮಿಕ್ಸಿ, ಮಗಳಿಗೆ ಫೀಸು ಎಲ್ಲ ಆದ ಮೇಲೂ ಒಂದಿಷ್ಟು ಉಳಿಯಿತು. ಈ ಸಲ ನನಗೇ ಅಂತ ತೀರ್ಮಾನ ಮಾಡಿದೆ. ಮನೆಯಲ್ಲಿ ಹೇಳಿದ ಲೆಕ್ಕ ಐದು ಸಾವಿರ. ನಿಜವಾದ ಲೆಕ್ಕ ಮುಂದೆ ಬರುತ್ತದೆ.

ದುಡ್ಡು ಮೊದಲು ಹೋಗಿದ್ದು ಆನ್‌ಲೈನಿನಲ್ಲೇ. ಒಂದು ಇಎಂ 84 ಮ್ಯಾಜಿಕ್ ಐಗೆ ಹತ್ತಿರ ಹತ್ತಿರ ಎರಡು ಸಾವಿರ ಕೊಟ್ಟೆ. "ಟೆಸ್ಟೆಡ್" ಅಂತ ಬರೆದಿತ್ತು. ಡಬ್ಬಿ ಬಿಚ್ಚಿ 4 ಮತ್ತು 5ನೇ ಪಿನ್ನಿಗೆ ಮೀಟರ್ ಇಟ್ಟರೆ ಹೀಟರ್ ಓಪನ್, ಅಂದರೆ ಒಳಗೆ ಕಾಯುವ ತಂತಿಯೇ ಕಡಿದಿದೆ. ವಾಪಸ್ ತಗೊಳ್ಳಲಿಲ್ಲ. ಆಮೇಲೆ ಅಲಂಕಾರದ ಸಾಮಾನು ಮಾರುವವರೊಬ್ಬರಿಂದ "ವರ್ಕಿಂಗ್ ಕಂಡೀಷನ್" ಸೆಟ್ಟು. ಪಾಲಿಶ್ ಏನೋ ಭರ್ಜರಿ. ಹಿಂದಿನ ರಟ್ಟು ತೆಗೆದರೆ ವಾಲ್ವ್ ಕೂರುವ ಲೋಹದ ಚಾಸಿಯೇ ಇಲ್ಲ! ಬೆಂಕಿಪೊಟ್ಟಣದಷ್ಟು ಎಫ್‌ಎಂ ಬೋರ್ಡು, ಅದಕ್ಕೊಂದು ಮೊಬೈಲ್ ಚಾರ್ಜರು. ಅರವತ್ತು ವರ್ಷ ಬಾಳಿದ ಸೆಟ್ಟಿನ ಹೊಟ್ಟೆ ಬಗೆದು ಹೀಗೆ ಮಾಡುವವರಿಗೆ ಏನು ಹೇಳಬೇಕೋ ಗೊತ್ತಿಲ್ಲ. ಆ ಕ್ಯಾಬಿನೆಟ್ಟಿನಲ್ಲಿ ಈಗ ನಮ್ಮನೆಯ ಹಳೇ ಕರೆಂಟ್ ಬಿಲ್ಲು ಇವೆ.

ಅಲ್ಲಿಗೆ ನನ್ನ ಹಾದಿಯೇ ಸರಿ ಅಂತ ಹೊರಟೆ. ನನ್ನ ತರ್ಕ ಸರಳ. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಿಂದ ರಿಸೀವಿಂಗ್ ವಾಲ್ವ್ ತಯಾರಿಸಿತು. ತಾಲೂಕಿಗೆ ಒಂದೆರಡಾದರೂ ರೇಡಿಯೋ ಅಂಗಡಿ ಇದ್ದ ಕಾಲ ಅದು. ಆಮೇಲೆ ಟ್ರಾನ್ಸಿಸ್ಟರ್ ಬಂತು, ಟಿವಿ ಬಂತು, ರಿಪೇರಿಯವರೂ ಟಿವಿಗೆ ಹೋದರು. ಮಾರಾಟವಾಗದೆ ಉಳಿದ ವಾಲ್ವ್ ಏನಾಯಿತು? ನಗದು ಕೊಟ್ಟು ತಂದ ಮಾಲನ್ನು ನಮ್ಮ ಜನ ಎಸೆಯುವುದಿಲ್ಲ, ಅಲ್ವಾ? ಗಾಜು ಒಡೆಯದಿದ್ದರೆ ವಾಲ್ವ್ ಕೊಳೆಯುವ ವಸ್ತುವೂ ಅಲ್ಲ.

ಕೇಳುವ ರೀತಿ ಮುಖ್ಯ. "ಹಳೇ ರೇಡಿಯೋ ಇದೆಯಾ" ಅಂದಿರೋ, ಯೂಟ್ಯೂಬ್ ನೋಡಿದ ಮಗನೋ ಅಳಿಯನೋ ಒಳಗಿನಿಂದ ಬಂದು ಆ್ಯಂಟಿಕ್ ರೇಟು ಹೇಳುತ್ತಾನೆ. ನಾನು ಒಂದು ಕಾಯಿಲೆ ತಗೊಂಡು ಹೋಗುತ್ತಿದ್ದೆ. "ಯಜಮಾನ್ರೇ, ಸೆಟ್ಟು ಹಮ್ ಹೊಡೀತದೆ, ಔಟ್‌ಪುಟ್ ವಾಲ್ವ್ ಕೆಂಪಗೆ ಕಾಯ್ತದೆ, ಏನಿರಬಹುದು?" ಅಷ್ಟೇ. ಅವರ ಮುಖ ಅರಳುತ್ತದೆ. ಕಾಫಿ ಬರುತ್ತದೆ. ವಾಲ್ವಿನ ವಿಚಾರ ಅವರೇ ಎತ್ತುವವರೆಗೂ ನಾನು ಎತ್ತುವುದಿಲ್ಲ.

ಎಷ್ಟೋ ಮನೆಯಲ್ಲಿ ಕಾಫಿ ಮಾತ್ರ ಸಿಕ್ಕಿತು. ಒಂದು ಕಡೆ ಹಿಂದಿನ ದೀಪಾವಳಿಗಷ್ಟೇ ಗುಜರಿಗೆ ಹಾಕಿದ್ದರಂತೆ. ಕೇಳಿ ಹೊಟ್ಟೆ ಉರಿಯಿತು. ಕೊನೆಗೆ ಒಬ್ಬರ ಅಟ್ಟದಿಂದ ಎರಡು ಬೋರ್ನ್‌ವಿಟಾ ಡಬ್ಬ ಇಳಿದವು. ಊರ ಹೆಸರು ಕೇಳಬೇಡಿ, ಹೇಳುವುದಿಲ್ಲ. ಹಳೇ ಪ್ರಜಾವಾಣಿಯಲ್ಲಿ ಸುತ್ತಿಟ್ಟ ವಾಲ್ವ್‌ಗಳು. "ಆ ಕಸ ಯಾಕಪ್ಪಾ ನಿಮಗೆ?" ಎಂದರು ಮನೆಯವರು. ಒಂದೊಂದೇ ಬಿಚ್ಚಿ ಕಿಟಕಿ ಬೆಳಕಿಗೆ ಹಿಡಿದೆ. ಗಾಜಿನ ತುದಿಯ ಒಳಗಿನ ಲೋಹದ ಲೇಪ, ಅದೇ ಗೆಟರ್, ಕನ್ನಡಿ ಹಾಗೆ ಹೊಳೆದರೆ ಒಂದು ಕಡೆ. ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಅದು ಇನ್ನೊಂದು ಕಡೆ. ಸುಮಾರು ನಲವತ್ತು ಒಳ್ಳೆಯವು ಉಳಿದವು. ಸ್ಟೇಷನ್ ಹಿಡಿಯುವ ಭಾಗದ ಇಸಿಎಚ್ 81 ರಾಶಿ, ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ವಾಲ್ವ್ ಇಎಲ್ 84, ಎಸಿಯನ್ನು ಡಿಸಿ ಮಾಡುವ ಇಝಡ್ 80, ಜೊತೆಗೆ ಪೆಟ್ಟಿಗೆಯನ್ನೇ ಬಿಚ್ಚದ ಎರಡು ಇಎಂ 84! ಒಟ್ಟಿಗೆ ಮೂರು ಸಾವಿರ ಕೊಟ್ಟೆ. ಆ ಯಜಮಾನರು ಕೇಳಿದ್ದು ಸಾವಿರವೇ. ಜಾಸ್ತಿ ಕೊಟ್ಟಿದ್ದರಿಂದ ಮರ್ಫಿ ಯಾರ ಮನೆಯಲ್ಲಿದೆ ಅಂತಲೂ ಹೇಳಿದರು. ಅದು ನಾಲ್ಕೂವರೆ ಸಾವಿರಕ್ಕೆ ಬಂತು. ಠಾಣೆಯ ಕಾರ್ಖಾನೆಯ ಸೆಟ್ಟು, ಡಯಲ್ ಗಾಜು ಕೂಡ ಒಡೆದಿಲ್ಲ.

ಇನ್ನು ವಾಲ್ವ್ ಸೆಟ್ಟಿನ ಲೆಕ್ಕಕ್ಕೆ ಬೇಕಾದ ಪುಸ್ತಕ. ಲ್ಯಾಂಗ್‌ಫರ್ಡ್ ಸ್ಮಿತ್ ಸಂಪಾದಿಸಿದ ರೇಡಿಯೋಟ್ರಾನ್ ಡಿಸೈನರ್ಸ್ ಹ್ಯಾಂಡ್‌ಬುಕ್ಕಿನ ನಾಲ್ಕನೇ ಆವೃತ್ತಿ. 1950ರ ದಶಕದ್ದು, ಹತ್ತಿರ ಹತ್ತಿರ 1500 ಪುಟ. ಪಿಡಿಎಫ್ ನಿಮ್ಮೆಲ್ಲರ ಹತ್ತಿರ ಇದೆ, ನನ್ನ ಹತ್ತಿರವೂ ಇತ್ತು. ಆದರೆ ಫ್ಲಕ್ಸ್ ಅಂಟಿದ ಬೆರಳಲ್ಲಿ ಮೊಬೈಲ್ ಉಜ್ಜಿ ಸಾಕಾಗಿತ್ತು. ಅವೆನ್ಯೂ ರೋಡು, ಚರ್ಚ್ ಸ್ಟ್ರೀಟು ಎಲ್ಲ ಸುತ್ತಿದೆ, ಸಿಗಲಿಲ್ಲ. ಹೊರದೇಶದ ಪ್ರತಿಗೆ ಕೇಳುತ್ತಿದ್ದ ಬೆಲೆ ಎಂಟು ಹತ್ತು ಸಾವಿರ. ಇದರಲ್ಲಿ ಒಂದು ಉಪಾಯವಿದೆ. ಇದೇ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಇಲಿಫ್ ಪ್ರಕಾಶನ 'ರೇಡಿಯೋ ಡಿಸೈನರ್ಸ್ ಹ್ಯಾಂಡ್‌ಬುಕ್' ಹೆಸರಲ್ಲಿ ತಂದಿತ್ತು. ಆ ಹೆಸರಲ್ಲಿ ಹುಡುಕುವವರು ಕಡಿಮೆ, ಅದಕ್ಕೇ ಬೆಲೆಯೂ ಕಡಿಮೆ. ನನಗೆ ಸಾವಿರದ ಎಂಟುನೂರಕ್ಕೋ ಏನೋ ಸಿಕ್ಕಿತು. ಅಂಚೆ ಖರ್ಚು ಅದಕ್ಕಿಂತ ಜಾಸ್ತಿ ಆಯಿತು, ತೂಕ ಹಾಗಿದೆ. ಟ್ರಾನ್ಸ್‌ಫಾರ್ಮರ್ ಅಧ್ಯಾಯದ ಅಂಚಿನಲ್ಲಿ ಹಿಂದಿನ ಯಜಮಾನ ಪೆನ್ಸಿಲ್ಲಿನಲ್ಲಿ ಮಾಡಿಟ್ಟ ಲೆಕ್ಕಗಳಿವೆ. ಆ ಲೆಕ್ಕಗಳಿಗೇ ಇನ್ನೊಂದು ಸಾವಿರ ಕೊಡಬಹುದಿತ್ತು.

ಸೆಟ್ಟು ತಂದ ದಿನವೇ ಪ್ಲಗ್ ಹಾಕಬೇಡಿ ಅಂತ ನಿಮಗೆ ಹೇಳಬೇಕಿಲ್ಲ. ಕರೆಂಟು ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವ ಹಾಗೆ 60 ವ್ಯಾಟಿನ ಸೀರೀಸ್ ಬಲ್ಬು ಹಾಕಿದೆ, ಒಳಗೆ ಶಾರ್ಟ್ ಇದ್ದರೆ ಅದೇ ಉರಿದು ತೋರಿಸುತ್ತದೆ. ಎಲ್‌ಇಡಿ ಇದಕ್ಕೆ ಬರುವುದಿಲ್ಲ, ಹಳೇ ತಂತಿ ಬಲ್ಬೇ ಬೇಕು. ಈಗ ವಾಲ್ವಿಗಿಂತ ಅದನ್ನು ಹುಡುಕುವುದೇ ಕಷ್ಟ. ಬಲ್ಬು ಪೂರ್ತಿ ಉರಿಯಿತು, ಅಂದರೆ ಫಿಲ್ಟರ್ ಕಂಡೆನ್ಸರ್ ಶಾರ್ಟು. ಬದಲಿಸಿದೆ. ಮತ್ತೆ ಹಾಕಿದರೆ ಇಎಲ್ 84ರ ಗ್ರಿಡ್ಡಿನಲ್ಲಿ, ಅದೇ 2ನೇ ಪಿನ್ನಿನಲ್ಲಿ, ಹತ್ತು ಹನ್ನೆರಡು ವೋಲ್ಟ್ ಪಾಸಿಟಿವ್, ಅಲ್ಲಿ ಅದು ಇರಲೇಬಾರದು. ಹಿಂದಿನ ವಾಲ್ವಿನ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿತ್ತು. ಮೇಣದ ಕಂಡೆನ್ಸರ್ ಎಲ್ಲವನ್ನೂ ತೆಗೆದು, ಟೊಳ್ಳು ಮಾಡಿ, ಒಳಗೆ ಹೊಸ 630 ವೋಲ್ಟಿನವನ್ನು ಕೂರಿಸಿ, ಮೇಲೆ ಮೇಣ ಸುರಿದೆ. ನೋಡಿದರೆ ಕಾರ್ಖಾನೆಯಿಂದ ಬಂದ ಹಾಗೇ ಇದೆ. ಮೇಣಕ್ಕೆ ಏನು ಬೆರೆಸಿದರೆ ಆ ಕಂದು ಬಣ್ಣ ಬರುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ವಾಲ್ವಿನಿಂದ ಸ್ಪೀಕರಿಗೆ ಧ್ವನಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡು ಸಲ ಸುತ್ತಿಸಬೇಕಾಯಿತು. ಮೊದಲು ಕೊಟ್ಟ ಅಂಗಡಿಯವರು ಲೆಕ್ಕ ನೋಡದೆ ಕೈಗೆ ಬಂದಷ್ಟು ಸುತ್ತಿದ್ದರು. ಧ್ವನಿ ಮೂಗಿನಲ್ಲಿ ಬರುತ್ತಿತ್ತು. ಎಂಟುನೂರು ಹೋಯಿತು. ಎರಡನೇ ಸಲ ಪುಸ್ತಕ ಬಿಚ್ಚಿ, ಇಎಲ್ 84 ಕೇಳುವ 5,200 ಓಮಿನ ಲೋಡಿಗೆ ಎಷ್ಟು ಸುತ್ತು ಅನ್ನುವ ಲೆಕ್ಕ ನಾನೇ ಬರೆದುಕೊಟ್ಟೆ. ಪುಸ್ತಕದ ದುಡ್ಡು ಅಲ್ಲೇ ವಸೂಲಾಯಿತು ಅಂತ ಮನೆಯಲ್ಲಿ ಹೇಳಿದ್ದೇನೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಬೆಳಕು ಕುಂದಿದ ಹಳೇ ಮ್ಯಾಜಿಕ್ ಐಗೆ ವೋಲ್ಟೇಜ್ ಏರಿಸಿ ನೋಡಿದೆ. ಒಂದೆರಡು ವಾರ ಹಸಿರಾಗಿ ಮೆರೆದು ಪೂರ್ತಿ ಮಲಗಿತು. ಸೆಟ್ಟಿನ ಹಿಂದೆ ಗ್ರಾಮಫೋನಿಗೆ ಅಂತ ಇರುವ ಪಿಕಪ್ ಸಾಕೆಟ್ಟಿಗೆ ಬ್ಲೂಟೂತ್ ಹಚ್ಚಿದ್ದು ಮಾತ್ರ ಫಲ ಕೊಟ್ಟಿತು. ಅಮ್ಮ ಈಗ ಅದರಲ್ಲೇ ದಾಸರ ಪದ ಕೇಳುತ್ತಾರೆ.

ಮೀಡಿಯಂ ವೇವಿನಲ್ಲಿ ಮೊದಲು ಬರೀ ಗರಗರ. ತಪ್ಪು ಸೆಟ್ಟಿನದಲ್ಲ, ಮನೆಯ ಎಲ್‌ಇಡಿ ಬಲ್ಬು ಮತ್ತು ಚಾರ್ಜರ್‌ಗಳದ್ದು. ಎಲ್ಲ ಆರಿಸಿ, ತಾರಸಿಯ ಮೇಲೆ ಮೂವತ್ತು ಅಡಿ ತಂತಿ ಎಳೆದ ಮೇಲೆ 765 ಕಿಲೋಹರ್ಟ್ಸಿನಲ್ಲಿ ಧಾರವಾಡ ಆಕಾಶವಾಣಿ ಸ್ಪಷ್ಟವಾಗಿ ಬಂತು. ಕತ್ತಲಾದ ಮೇಲೆ 612ರ ಬೆಂಗಳೂರೂ ಬಂತು.

ಒಟ್ಟು ಖರ್ಚು ಹದಿನೇಳು ಸಾವಿರ ದಾಟಿತು. ಅದರಲ್ಲಿ ಐದಾರು ಸಾವಿರ ಆನ್‌ಲೈನ್ ವಾಲ್ವಿಗೂ ಆ ಹೊಟ್ಟೆ ಖಾಲಿ ಸೆಟ್ಟಿಗೂ ಹೋಗಿದ್ದು. ಇಸಿಎಚ್ 81 ನನ್ನ ಹತ್ತಿರ ಇನ್ನೂ ಹತ್ತು ಹದಿನೈದು ಇವೆ. ದುಡ್ಡಿಗೆ ಕೊಡುವುದಿಲ್ಲ. ಯಾರ ಹತ್ತಿರವಾದರೂ ದುಂಡನೆಯ ಕಣ್ಣಿನ ಇಎಂ 34 ಇದ್ದರೆ ತನ್ನಿ, ಒಂದಕ್ಕೆ ಮೂರು ಕೊಡುತ್ತೇನೆ.